ಯಾವ ಹೊಗೆಗೆ ಕೂಗಬೇಕು?

ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹೊಗೆ ಬೆಳಗಿನಿಂದಲೇ ಓಡಾಡುತ್ತಿರುತ್ತದೆ. ದೇವರ ಗೂಡಿನಲ್ಲಿ ಊದುಕಡ್ಡಿ, ಶುಕ್ರವಾರವಾದರೆ ಕೆಂಡದ ಮೇಲೆ ಸಾಂಬ್ರಾಣಿ, ಹಿತ್ತಲಲ್ಲಿ ನೀರೊಲೆ, ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಘಾಟು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮೊಮ್ಮಗ ಬೆಂಕಿ ಬಿದ್ದರೆ ಕೂಗಿ ಎಚ್ಚರಿಸುವ, ಅಂಗೈಯಗಲದ ಎರಡು ಬಿಳಿ ಡಬ್ಬಿ ತಂದು, ಎಲ್ಲಿ ಹೊಡೆಯೋಣವೆಂದು ಮೇಲೆ ನೋಡುತ್ತ ನಿಂತಿದ್ದಾನೆ. ಒಂದು ಹೊಗೆ ಹಿಡಿಯುವುದು, ಇನ್ನೊಂದು ಶಾಖ ಹಿಡಿಯುವುದು. ಅಜ್ಜಿಗೆ ಎರಡರ ಮೇಲೂ ನಂಬಿಕೆಯಿಲ್ಲ.

“ಒಗ್ಗರಣ ಹಾಕ್ದಾಗೆಲ್ಲ ಇದು ಬಡ್ಕಂಡ್ರ ಬೀದಿಯೋರೆಲ್ಲ ಓಡ್ಬತ್ತಾರ ಕನ ಮಗ.”

ಅಜ್ಜಿ ಹೇಳುವುದು ಸರಿ. ಹೊಗೆಯ ಡಬ್ಬಿಯೊಳಗೆ ಸಣ್ಣದೊಂದು ಬೆಳಕಿರುತ್ತದೆ. ಹೊಗೆ ನುಗ್ಗಿದರೆ ಆ ಬೆಳಕು ಚೆದುರಿ ಸೆನ್ಸರಿನ ಮೇಲೆ ಬಿದ್ದು ಕೂಗು ಶುರುವಾಗುತ್ತದೆ. ಒಗ್ಗರಣೆ ಯಾವುದು, ಹೊತ್ತಿಕೊಂಡ ಹಾಸಿಗೆ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಹಾಗಾಗಿ ಅಡುಗೆಮನೆಗೆ ಶಾಖದ ಡಬ್ಬಿಯೇ ಸೈ. ಸಾಮಾನ್ಯವಾಗಿ 57 ಡಿಗ್ರಿಯ ಆಸುಪಾಸಿನಲ್ಲಿ ಕೂಗುತ್ತದೆ. ಸಿಲಿಂಡರ್ ಸೋರಿದರೆ ಮಾತ್ರ ಎರಡೂ ಮೂಕ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ.

ಹೊಗೆಯ ಡಬ್ಬಿಗೆ ಪಡಸಾಲೆಯ ತಾರಸಿ. ಒಲೆಯಿಂದ 10 ಅಡಿಯಾದರೂ ದೂರ, ಫ್ಯಾನಿನಿಂದ 3 ಅಡಿ, ಮಲಗುವ ಕೋಣೆಯ ಬಾಗಿಲಿಗೆ ಹತ್ತಿರ. ಗೋಡೆಯೂ ತಾರಸಿಯೂ ಕೂಡುವ ಮೂಲೆ ಬೇಡ. ಅಲ್ಲಿ ನಾಲ್ಕಿಂಚಿನಷ್ಟು ಜಾಗದಲ್ಲಿ ಗಾಳಿ ಸತ್ತಂತೆ ನಿಂತಿರುತ್ತದೆ, ಹೊಗೆ ತಡವಾಗಿ ಸೇರುತ್ತದೆ. ತೊಟ್ಟಿಮನೆಯಾದರೆ ತೊಟ್ಟಿಯ ಅಂಚಿಗೆ ಹಾಕಿ ಪ್ರಯೋಜನವಿಲ್ಲ, ಹೊಗೆ ನೇರ ಆಕಾಶ ಸೇರುತ್ತದೆ.

ಮಗ್ಗದ ಮೇಲಿನ ಸೀರೆಗೆ ಜನ ಹೆದರುತ್ತಾರೆ. ನಿಜವಾದ ರೇಷ್ಮೆ ಅಷ್ಟು ಸುಲಭಕ್ಕೆ ಉರಿಯುವುದಿಲ್ಲ. ಕೂದಲು ಸುಟ್ಟ ವಾಸನೆ ಬೀರಿ, ಬೆಂಕಿ ತೆಗೆದರೆ ಹೆಚ್ಚುಕಮ್ಮಿ ತಾನೇ ಆರುತ್ತದೆ. ಭಯವಿರಬೇಕಾದದ್ದು ಮಗ್ಗದ ಮೋಟರಿಗೆ ಎಳೆದ ಹಳೇ ವೈರಿನ ಬಗ್ಗೆ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕೆಲವು ಮನೆಗಳ ವೈರಿಂಗ್ ನೋಡಿದರೆ ಆ ಕಾಲದ್ದೇ ಇರಬೇಕೆನಿಸುತ್ತದೆ.

ಯಳಂದೂರಿನ ಕಡೆಯ ರೇಷ್ಮೆ ಹುಳುಮನೆಯ ಲೆಕ್ಕವೇ ಬೇರೆ. ಚಳಿಗಾಲದ ರಾತ್ರಿ, ತಟ್ಟೆಗಳಲ್ಲಿ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯಂತೆ. ಹುಳುವಿಗೆ 24ರಿಂದ 28 ಡಿಗ್ರಿ ಬೆಚ್ಚಗೆ ಬೇಕು. ಕೆಂಡದ ಬಾಂಡ್ಲಿಯೋ ಹೀಟರೋ ಉರಿಯುತ್ತಿರುತ್ತದೆ. ಒಂದು ಮೂಲೆಯಲ್ಲಿ ತಿಂದುಳಿದ ಒಣಕಡ್ಡಿ, ಇನ್ನೊಂದರಲ್ಲಿ ಹಳೇ ಪೇಪರು, ಗೋಡೆಗೊರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಕಿಡಿ ಹಾರಿದರೆ ಬೆಳೆಯೂ ಇಲ್ಲ, ಮನೆಯೂ ಇಲ್ಲ. ಹಾಗೆಂದು ಇಲ್ಲಿ ಹೊಗೆಯ ಡಬ್ಬಿ ಬಾಳದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವ ಹೊತ್ತಿಗೆ, ಸುಣ್ಣದ ಪುಡಿ ಎರಚುತ್ತಾರೆ. ಆ ಬಿಳಿ ಧೂಳೂ ಅದರ ಲೆಕ್ಕದಲ್ಲಿ ಹೊಗೆಯೇ. ಶಾಖದ್ದನ್ನೇ ಹಾಕಬೇಕು. ಅದನ್ನೂ ಬಿಸಿಲಿಗೆ ಕಾದ ತಗಡಿಗೆ ಅಂಟಿಸದೆ, ತೊಲೆಗೆ, ಹೆಚ್ಚಿನ ಡಿಗ್ರಿಗೆ ಕೂಗುವಂಥದ್ದನ್ನು. ಮುಚ್ಚಿದ ಕೋಣೆಯಲ್ಲಿ ಕೆಂಡ ಹೊರಸೂಸುವ ವಿಷಾನಿಲ ಮಾತ್ರ ಈ ಎರಡೂ ಡಬ್ಬಿಗೆ ಗೊತ್ತಾಗದು. ಕಿಟಕಿಯೊಂದು ಸ್ವಲ್ಪ ತೆರೆದಿರಲಿ, ಅಲ್ಲಿ ಯಾರೂ ಮಲಗದಿರಲಿ.

ಹನೂರು ದಾಟಿ ಕೌದಳ್ಳಿ, ರಾಮಾಪುರದ ಕಡೆಯ ಒಂಟಿ ತೋಟದ ಮನೆಗಳಿಗೆ ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಏನು ಉಳಿದಿರುತ್ತದೋ. ಅಲ್ಲಿ ಡಬ್ಬಿಯ ಕೆಲಸ ಬೆಂಕಿ ಆರಿಸುವುದಲ್ಲ, ಮಲಗಿದವರನ್ನು ಎಬ್ಬಿಸಿ ಓಡಿಸುವುದು. ಅದರ ಕೂಗು 10 ಅಡಿ ದೂರಕ್ಕೆ 85 ಡೆಸಿಬಲ್. ಕದ ಮುಚ್ಚಿದರೆ ಕುಗ್ಗುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲೇ ಒಂದಿರಬೇಕು, ಕಿವಿ ಮಂದವಾದ ಅಜ್ಜನ ಕೋಣೆಗಂತೂ ಮೊದಲು. ಹೆಂಚಿನ ಮಾಡಾದರೆ ನೆತ್ತಿಯಿಂದ ತುಸು ಕೆಳಗೆ. ಜೇಡ ಬಲೆ ಕಟ್ಟದಂತೆ ಆಗಾಗ ಒರೆಸಿ, ತಿಂಗಳಿಗೊಮ್ಮೆ ಪೊರಕೆಯ ಹಿಡಿಯಿಂದ ಗುಂಡಿ ಒತ್ತಿ ನೋಡಬೇಕು. 10 ವರ್ಷವಾದರೆ ಹೊಸದು. ಬ್ಯಾಟರಿ ಮುಗಿಯುತ್ತ ಬಂದಾಗ ಅದು ಬಿಟ್ಟುಬಿಟ್ಟು ಚಿಂವ್ ಅನ್ನುತ್ತದೆ. ಹಲ್ಲಿ ಲೊಚಗುಟ್ಟಿತೆಂದು ಪಂಚಾಂಗ ತೆಗೆದು ಶಕುನ ನೋಡುತ್ತ ಕೂತವರೂ ಇದ್ದಾರು.