ನಡುಗಡ್ಡೆಯ ಕಸುಬು: ಬಿದಿರಿನ ಹರಿಗೋಲು, ಬಾಳೆಯ ನಾರು

ಮಾರಿಕುಪ್ಪಂ, ಬಂಗಾರಪೇಟೆಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದರೂ 1902ರಲ್ಲಿ ಅಲ್ಲಿನ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದ್ದು ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರ, ಅಂದರೆ ಕಾವೇರಿಯು ಎರಡು ಕವಲಾಗಿ ಬಳಸಿ ಹರಿಯುವ ನಡುಗಡ್ಡೆ. ಆದರೆ ನಡುಗಡ್ಡೆಗಳ ಕೊಡುಗೆ ವಿದ್ಯುತ್ತಿಗೇ ಮುಗಿಯುವುದಿಲ್ಲ: ಕಾವೇರಿ, ತುಂಗಭದ್ರಾ ಮತ್ತು ಕೃಷ್ಣಾ ನದಿಗಳ ಇಂಥ ನಡುಗಡ್ಡೆಗಳಲ್ಲಿ ಹೊಳೆಯ ಸ್ವಭಾವವನ್ನರಿತು ಬೆಳೆದುಬಂದ ಕಸುಬುಗಳಿವೆ. ಅವುಗಳಲ್ಲಿ ಹರಿಗೋಲಿನ ನಿರ್ಮಾಣಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಹರಿಗೋಲು ಎಂದರೆ ಬಿದಿರಿನಿಂದ ಹೆಣೆದು, ನೀರು ಒಳಗೆ ಬರದಂತೆ ಹೊದಿಕೆ ಹಾಕಿದ, ಬುಟ್ಟಿಯಾಕಾರದ ದುಂಡು ದೋಣಿ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡವಾಗಿ ಹಾಯಿಸಿ ಚಪ್ಪಟೆ ತಳವನ್ನು ಹೆಣೆದು, ಅವುಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚನ್ನು ದಪ್ಪ ಸೀಳುಗಳಿಂದ ಸುತ್ತಿ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಆ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಇದರ ದುಂಡು ಆಕಾರಕ್ಕೆ ಹೊಳೆಯೇ ಕಾರಣ. ಆನೆಗೊಂದಿ, ಹಂಪಿಗಳ ನಡುವೆ ತುಂಗಭದ್ರೆಯ ಪಾತ್ರದ ತುಂಬ ಗ್ರಾನೈಟ್ ಬಂಡೆಗಳಿದ್ದು, ನೀರಿನ ಆಳವೂ ಸೆಳೆತವೂ ಹೆಜ್ಜೆಹೆಜ್ಜೆಗೆ ಬದಲಾಗುವುದರಿಂದ, ಉದ್ದನೆಯ ಮರದ ದೋಣಿ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಹರಿಗೋಲಾದರೋ ಕಡಿಮೆ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಗಿರ್ರನೆ ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಹೀಗೆ ತಿರುಗುವ ದೋಣಿಯನ್ನು ಒಂದೇ ಹುಟ್ಟಿನಿಂದ ಗುರಿ ಮುಟ್ಟಿಸುವ ಅಂಬಿಗರ ಕೌಶಲವೂ ಅದನ್ನು ಹೆಣೆಯುವ ಕೌಶಲಕ್ಕೆ ಕಡಿಮೆಯದಲ್ಲ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಚರ್ಮ ಹೊದಿಸಿದ ಇಂಥ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುದನ್ನೂ, ನೇರವಾಗಿ ಸಾಗದೆ ಸುತ್ತುತ್ತಲೇ ಮುಂದುವರಿಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಇರಾಕಿನ ಟೈಗ್ರಿಸ್ ನದಿಯಲ್ಲೂ ಗುಫ್ಫಾ ಎಂಬ ದುಂಡು ದೋಣಿ ಬಳಕೆಯಲ್ಲಿತ್ತು. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯು 2009ರಲ್ಲಿ ಕುಸಿದ ಮೇಲೂ ಅಲ್ಲಿನ ಜನ ಹೊಳೆ ದಾಟಲು ದೋಣಿಗಳನ್ನೇ ನೆಚ್ಚಬೇಕಾಯಿತು ಎಂಬುದು ಈ ಕಸುಬು ಕೇವಲ ಪ್ರವಾಸಿಗರ ಮನರಂಜನೆಯಲ್ಲವೆಂದು ತೋರಿಸುತ್ತದೆ.

ಇದೇ ಸೀಮೆಯ ಇನ್ನೊಂದು ಕಸುಬು ಬಾಳೆಯ ನಾರಿನದು. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿರುವ ನವಬೃಂದಾವನ ನಡುಗಡ್ಡೆಗೆ ಎದುರಾಗಿರುವ ಆನೆಗೊಂದಿಯ ದಡದಲ್ಲಿ ಬಾಳೆಯ ತೋಟಗಳು ಹೇರಳವಾಗಿವೆ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ರೈತನಿಗೆ ಕಸವೇ ಸರಿ. ಆದರೆ ಅದರ ಪಟ್ಟೆಗಳನ್ನು ಬಿಡಿಸಿ, ಒಣಗಿಸಿ, ಹುರಿ ಹೊಸೆದರೆ ಬುಟ್ಟಿ, ಚೀಲ, ಚಾಪೆಗಳಿಗೆ ಒದಗುವ ಗಟ್ಟಿ ನಾರು ದೊರೆಯುತ್ತದೆ. 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂಧಾ ಟ್ರಸ್ಟ್ ಈ ಕೆಲಸವನ್ನು ಊರಿನ ಮಹಿಳೆಯರಿಗೆ ಕಲಿಸಿ, ಮನೆಯ ಬಳಿಯೇ ಅವರಿಗೆ ಸಂಪಾದನೆಯ ದಾರಿಯನ್ನು ತೆರೆದಿದೆ.

ಬಾಳೆಯ ನಾರಿಗೆ ದೊರೆತ ಈ ಬಗೆಯ ಆಸರೆ ಹರಿಗೋಲಿಗೂ ದೊರೆಯಬೇಕು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟಿರುವುದರಿಂದ, ಹೊಳೆಯಂಚಿನ ರೈತರು ಬಿದಿರನ್ನು ಬೆಳೆದು, ಕಡಿದು, ಮಾರುವುದು ಮೊದಲಿಗಿಂತ ಸುಲಭವಾಗಿದೆ. ಕಚ್ಚಾವಸ್ತುವಿನ ದಾರಿ ಹೀಗೆ ಸುಗಮವಾಗಿರುವಾಗ, ಹರಿಗೋಲು ಹೆಣೆಯುವವರನ್ನು ಬರಿಯ ದೋಣಿಯವರೆಂದು ಬದಿಗೆ ಸರಿಸದೆ, ಚನ್ನಪಟ್ಟಣದ ಗೊಂಬೆ ಮಾಡುವವರಂತೆ ಅವರನ್ನೂ ಕುಶಲಕರ್ಮಿಗಳೆಂದು ಪರಿಗಣಿಸಿ, ಹೊಸ ತಲೆಮಾರಿಗೆ ಹೆಣಿಗೆಯನ್ನು ಕಲಿಸಲು ಅವರಿಗೆ ವೇತನ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು.