ಮಾರಿಯೊ ಬಾವಾ: ಬಣ್ಣ ಹೆದರಿಸುವ ಬಗೆ

ಇಟಲಿಯ ಭಯಾನಕ ಚಲನಚಿತ್ರಗಳೆಂದರೆ ಇಂದು ಪ್ರೇಕ್ಷಕರ ಕಣ್ಣ ಮುಂದೆ ಬರುವ ಕಡುಗೆಂಪು, ನೇರಳೆ, ಪಾಚಿಹಸಿರು ಬೆಳಕಿನ ಲೋಕವನ್ನು ರೂಪಿಸಿದವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಮಾರಿಯೊ ಬಾವಾ. ಅವನು ಹುಟ್ಟಿದ್ದು 1914ರಲ್ಲಿ, ವಾಯವ್ಯ ಇಟಲಿಯ ಕಡಲತೀರದ ಸಾನ್ ರೆಮೊ ಪಟ್ಟಣದಲ್ಲಿ. ತಂದೆ ಯುಜೇನಿಯೊ ಬಾವಾ ಶಿಲ್ಪಿಯಾಗಿದ್ದು, ಮೂಕಿ ಚಿತ್ರಗಳ ಕಾಲದಲ್ಲಿ ಛಾಯಾಗ್ರಾಹಕನಾಗಿ, ಕ್ಯಾಮೆರಾ ತಂತ್ರಗಳ ನಿಪುಣನಾಗಿ ದುಡಿದವನು. ಮಗನೂ ಅದೇ ಕಸುಬನ್ನು ಹಿಡಿದು, ಎರಡು ದಶಕಗಳ ಕಾಲ ಬೇರೆಯವರ ಚಿತ್ರಗಳಿಗೆ ಬೆಳಕು ಹೊಂದಿಸಿಕೊಟ್ಟ ಮೇಲೆ, ನಲವತ್ತಾರರ ಆಸುಪಾಸಿನಲ್ಲಷ್ಟೇ ಸ್ವತಂತ್ರ ನಿರ್ದೇಶಕನಾದನು. ಬಾವಾನ ಶೈಲಿಯನ್ನು ಅರಿಯಲು ಈ ಹಿನ್ನೆಲೆ ಮುಖ್ಯ. ಭಯವು ಕಥೆಯಿಂದಲೋ ಸಂಭಾಷಣೆಯಿಂದಲೋ ಹುಟ್ಟಬೇಕಾಗಿಲ್ಲ, ಒಂದು ಮುಖದ ಮೇಲೆ ಬೆಳಕು ಬೀಳುವ ರೀತಿಯಿಂದಲೇ ಹುಟ್ಟಬಲ್ಲುದು ಎಂಬುದನ್ನು ಅವನು ನಿರ್ದೇಶಕನಾಗುವ ಮೊದಲೇ ಕೈಯಾರೆ ಮಾಡಿ ಕಂಡುಕೊಂಡಿದ್ದನು.

ಇದಕ್ಕೆ 1957ರಲ್ಲಿ ತೆರೆಕಂಡ ‘ಈ ವಂಪಿರಿ’ ಒಳ್ಳೆಯ ನಿದರ್ಶನ. ರಿಕಾರ್ಡೊ ಫ್ರೆಡಾ ನಿರ್ದೇಶಿಸುತ್ತಿದ್ದ ಈ ಚಿತ್ರಕ್ಕೆ ಬಾವಾ ಛಾಯಾಗ್ರಾಹಕನಾಗಿದ್ದು, ಫ್ರೆಡಾ ಚಿತ್ರೀಕರಣವನ್ನು ನಡುವೆಯೇ ಬಿಟ್ಟು ಹೊರನಡೆದಾಗ ಉಳಿದ ಭಾಗವನ್ನು ತಾನೇ ಪೂರೈಸಿದನು. ಅದರಲ್ಲಿ ನಾಯಕಿ ಜಾನ್ನಾ ಮಾರಿಯಾ ಕನಾಲೆಯ ಸುಂದರ ಮುಖವು ಪ್ರೇಕ್ಷಕರ ಕಣ್ಣೆದುರೇ, ದೃಶ್ಯವು ಎಲ್ಲಿಯೂ ತುಂಡಾಗದೆ, ಸುಕ್ಕುಗಟ್ಟಿ ಮುಪ್ಪಾಗುತ್ತದೆ. ಇದರ ಹಿಂದಿನ ತತ್ವ ಸರಳವಾದುದು. ಮುಖದ ಮೇಲೆ ಕೆಂಪು ಬಣ್ಣದಿಂದ ಸುಕ್ಕುಗಳನ್ನು ಬರೆದು ಕೆಂಪು ಬೆಳಕನ್ನು ಹಾಯಿಸಿದರೆ, ಚರ್ಮವೂ ಗೆರೆಗಳೂ ಆ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಂದಿರುಗಿಸುವುದರಿಂದ ಕಪ್ಪು-ಬಿಳುಪು ಫಿಲಂನಲ್ಲಿ ಗೆರೆಗಳು ಕಾಣುವುದೇ ಇಲ್ಲ. ದೀಪದ ಮುಂದಿನ ಬಣ್ಣದ ಫಿಲ್ಟರನ್ನು ಮೆಲ್ಲನೆ ಹಸಿರಿಗೆ ಬದಲಿಸಿದಾಗ ಕೆಂಪು ಗೆರೆಗಳು ಹಸಿರು ಬೆಳಕನ್ನು ಹೀರಿಕೊಂಡು ಕಪ್ಪಾಗಿ ಮೂಡುತ್ತವೆ. ಬೆಳಕು ಬಣ್ಣ ಬದಲಿಸಿದ್ದು ಕಪ್ಪು-ಬಿಳುಪಿನಲ್ಲಿ ಯಾರಿಗೂ ತಿಳಿಯದು, ಮುಖ ಮಾರ್ಪಟ್ಟಿದ್ದು ಮಾತ್ರ ತಿಳಿಯುತ್ತದೆ. ಹಾಲಿವುಡ್‌ನಲ್ಲಿ 1931ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿಯೇ ಈ ಉಪಾಯ ಬಳಕೆಯಾಗಿತ್ತಾದ್ದರಿಂದ ಅದು ಬಾವಾನ ಸ್ವಂತ ಶೋಧವಲ್ಲ. ಆದರೆ ಅದರಿಂದ ಅವನು ಪಡೆದ ನಯ ಅವನದೇ.

1960ರ ‘ಬ್ಲ್ಯಾಕ್ ಸಂಡೇ’ ಅವನ ಹೆಸರನ್ನು ಇಟಲಿಯ ಹೊರಗೂ ಒಯ್ದಿತು. ರಷ್ಯನ್ ಲೇಖಕ ಗೊಗೊಲ್‌ನ ‘ವಿಯ್’ ಕಥೆಯ ಎಳೆಯೊಂದನ್ನು ಹಿಡಿದು ಹೆಣೆದ ಈ ಚಿತ್ರದಲ್ಲಿ, ಮಾಟಗಾತಿಯೆಂದು ಶಿಕ್ಷೆಗೊಳಗಾದ ಹೆಣ್ಣಿನ ಮುಖಕ್ಕೆ ಒಳಮೈಯೆಲ್ಲ ಮೊಳೆಗಳಿರುವ ಮುಖವಾಡವನ್ನಿಟ್ಟು ಸುತ್ತಿಗೆಯಿಂದ ಬಡಿಯುವ ಆರಂಭದ ದೃಶ್ಯವು ಎಷ್ಟು ಉಗ್ರವಾಗಿದೆಯೆಂದರೆ, ಚಿತ್ರವು 1968ರವರೆಗೆ ಬ್ರಿಟನ್ನಿನಲ್ಲಿ ಪ್ರದರ್ಶನಗೊಳ್ಳಲಿಲ್ಲ. ಆದರೂ ನೋಡಿದವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು ಆ ಕ್ರೌರ್ಯವಲ್ಲ, ನಾಯಕಿ ಬಾರ್ಬರಾ ಸ್ಟೀಲ್‌ಳ ಅಗಲವಾದ ಕಣ್ಣುಗಳೂ, ಮಂಜಿನಲ್ಲಿ ಅರ್ಧ ಮುಳುಗಿದ ಪಾಳು ಗೋರಿಮನೆಯ ಕಮಾನುಗಳೂ, ಚೌಕಟ್ಟಿನ ಮುಂಭಾಗದಲ್ಲಿ ಚಾಚಿಕೊಂಡ ಒಣಕೊಂಬೆಗಳೂ.

ಬಣ್ಣದ ಫಿಲಂ ಕೈಗೆ ಬಂದ ಮೇಲೆ ಬಾವಾನ ಪ್ರತಿಭೆ ಪೂರ್ಣವಾಗಿ ಅರಳಿತು. ಸಾಮಾನ್ಯವಾಗಿ ಚಲನಚಿತ್ರದಲ್ಲಿ ಬೆಳಕಿಗೊಂದು ಮೂಲವಿರುತ್ತದೆ. ಕಿಟಕಿಯಿಂದ ಬೆಳದಿಂಗಳು ಬಂದರೆ ನೀಲಿ, ಒಲೆ ಉರಿಯುತ್ತಿದ್ದರೆ ಕೇಸರಿ. ಬಾವಾ ಈ ಕಟ್ಟನ್ನು ಮುರಿದು, ದೀಪಗಳ ಮುಂದೆ ಬಣ್ಣದ ಪಾರದರ್ಶಕ ಹಾಳೆಗಳನ್ನಿಟ್ಟು, ಒಂದೇ ಕೋಣೆಯ ಒಂದು ಮೂಲೆಗೆ ಹಸಿರನ್ನೂ ಮತ್ತೊಂದಕ್ಕೆ ನೇರಳೆಯನ್ನೂ ಯಾವ ಸಮರ್ಥನೆಯೂ ಇಲ್ಲದೆ ಚೆಲ್ಲಿದನು. ಮೂರು ಕಥೆಗಳ ಗುಚ್ಛವಾದ 1963ರ ‘ಬ್ಲ್ಯಾಕ್ ಸಬ್ಬತ್’ನಲ್ಲಿ ‘ನೀರಿನ ಹನಿ’ ಎಂಬ ಭಾಗವಿದೆ. ಸತ್ತ ಮುದುಕಿಯ ಬೆರಳಿನಿಂದ ಉಂಗುರವನ್ನು ಕದ್ದ ದಾದಿಯೊಬ್ಬಳು ತನ್ನ ಮನೆಗೆ ಮರಳುತ್ತಾಳೆ. ಎಲ್ಲಿಯೋ ನೀರು ತೊಟ್ಟಿಕ್ಕುತ್ತದೆ. ಕಿಟಕಿಯಾಚೆಯಿಂದ ಬೆಳಕು ಹತ್ತಿ ಆರುತ್ತಿರುವಂತೆ ಕೋಣೆಯು ಒಮ್ಮೆ ಬಣ್ಣದಲ್ಲಿ ತೊಯ್ದು ಮರುಕ್ಷಣವೇ ಕತ್ತಲಾಗುತ್ತದೆ. ಕೊನೆಗೆ ಎದುರಾಗುವ ಹೆಣದ ವಿಕಾರ ಮುಖ ಯುಜೇನಿಯೊ ಬಾವಾನ ಕೈಯಲ್ಲಿ ರೂಪುಗೊಂಡ ಬೊಂಬೆಯದು, ಅದು ಬೊಂಬೆಯೆಂದು ನೋಡುವವರಿಗೂ ಗೊತ್ತಾಗುತ್ತದೆ. ಹಾಗಿದ್ದೂ ಅದು ನಡುಕ ಹುಟ್ಟಿಸುವುದಕ್ಕೆ ಕಾರಣ, ಕಳ್ಳತನ ಮಾಡಿದವಳ ಅಳುಕನ್ನು ಬಣ್ಣಗಳು ಆ ವೇಳೆಗಾಗಲೇ ಪ್ರೇಕ್ಷಕರಿಗೆ ಅಂಟಿಸಿರುತ್ತವೆ. ಬಾವಾನ ಎಲ್ಲ ಕೃತಿಗಳಲ್ಲಿ ಇದಕ್ಕಿಂತ ಪರಿಪೂರ್ಣವಾದ ಭಾಗ ಮತ್ತೊಂದಿಲ್ಲ.

ಮರುವರ್ಷದ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ‘ಜಾಲೊ’ ಎಂಬ ಪ್ರಕಾರಕ್ಕೆ, ಅಂದರೆ ಮುಖ ಕಾಣದ ಕೊಲೆಗಾರ, ಸಾಲು ಕೊಲೆ, ಬೆಡಗಿನ ಪರಿಸರ ಇವುಗಳು ಕೂಡಿದ ಇಟಲಿಯ ಪತ್ತೇದಾರಿ-ಭಯಾನಕ ಚಿತ್ರಗಳಿಗೆ, ಮಾದರಿಯಾಯಿತು. ಫ್ಯಾಷನ್ ಉಡುಪುಗಳ ಮಳಿಗೆಯೊಂದರಲ್ಲಿ ನಡೆಯುವ ಕಥೆಯ ಶೀರ್ಷಿಕೆಗಳು ಮೂಡುವಾಗಲೇ ನಟನಟಿಯರು ಬಟ್ಟೆಯಂಗಡಿಯ ಬೊಂಬೆಗಳ ನಡುವೆ ತಾವೂ ಬೊಂಬೆಗಳಂತೆ ನಿಶ್ಚಲರಾಗಿ ನಿಂತಿರುತ್ತಾರೆ. ಈ ಚಿತ್ರದ ಸೊಬಗನ್ನು ಮೆಚ್ಚುವವರು ಅದರೊಳಗಿನ ತೊಡಕನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹೆಂಗಸರ ಕೊಲೆಗಳನ್ನು ಇಷ್ಟು ಅಂದವಾಗಿ ಅಲಂಕರಿಸಿ ತೋರಿಸುವಾಗ ನೋವು ಹಿಂದೆ ಸರಿದು ಬಣ್ಣ ಮುಂದೆ ಬರುತ್ತದೆ. ಇವನನ್ನು ಅನುಸರಿಸಿದ ಅನೇಕರು ಕಲಿತದ್ದು ಆ ದೌರ್ಬಲ್ಯವನ್ನೇ ಹೊರತು ಬೆಳಕಿನ ವಿದ್ಯೆಯನ್ನಲ್ಲ.

ಈ ವೈಭವವೆಲ್ಲ ಮೂಡಿದ್ದು ಹಣದ ಬಿಗಿಯಲ್ಲಿ ಎಂಬುದು ನಂಬಲು ಕಷ್ಟವಾದರೂ ನಿಜ. 1965ರ ‘ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್’ ಚಿತ್ರದ ಅಪರಿಚಿತ ಗ್ರಹವನ್ನು ಕಟ್ಟಲು ಹಿಂದಿನ ಪೌರಾಣಿಕ ಚಿತ್ರವೊಂದರಲ್ಲಿ ಬಳಸಿ ಉಳಿದಿದ್ದ ಒಂದೆರಡು ಕೃತಕ ಬಂಡೆಗಳು ಮಾತ್ರ ದೊರೆತಿದ್ದವೆಂದು ಬಾವಾನೇ ಹೇಳಿಕೊಂಡಿದ್ದಾನೆ. ಅವುಗಳನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ, ಬರಿದಾದ ನೆಲವನ್ನು ಹೊಗೆಯಿಂದ ಮುಚ್ಚಿ, ಆ ಹೊಗೆಗೆ ಬಣ್ಣದ ಬೆಳಕು ಹಾಯಿಸಿ, ಕನ್ನಡಿಗಳನ್ನೂ ಪುಟ್ಟ ಮಾದರಿಗಳನ್ನೂ ಬಳಸಿ ಅವನು ಇಡೀ ಲೋಕವೊಂದನ್ನು ಸೃಷ್ಟಿಸಿದನು. 1979ರ ‘ಏಲಿಯನ್’ನಲ್ಲಿ ಗಗನಯಾನಿಗಳು ಬೃಹತ್ ಜೀವಿಯೊಂದರ ಅವಶೇಷವನ್ನು ಕಾಣುವ ಪ್ರಸಂಗಕ್ಕೂ ಈ ಚಿತ್ರಕ್ಕೂ ಇರುವ ಹೋಲಿಕೆಯನ್ನು ವಿಮರ್ಶಕರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ.

ಬಾವಾನ ಚಿತ್ರಕಥೆಗಳು ಹಲವೆಡೆ ಸಡಿಲವಾಗಿವೆ, ಪಾತ್ರಗಳು ತೆಳುವಾಗಿವೆ. ಆದ್ದರಿಂದಲೇ ಅವನ ಕಾಲದ ವಿಮರ್ಶೆ ಅವನನ್ನು ಅಗ್ಗದ ಚಿತ್ರಗಳ ಕುಶಲಕರ್ಮಿಯೆಂದು ಬದಿಗೆ ಸರಿಸಿತು. ಮುಂದಿನ ಪೀಳಿಗೆಯ ದಾರಿಯೊ ಅರ್ಜೆಂಟೊ 1977ರ ‘ಸಸ್ಪೀರಿಯಾ’ದಲ್ಲಿ ಇದೇ ಬಣ್ಣದ ಭಾಷೆಯನ್ನು ಇನ್ನೂ ಗಾಢಗೊಳಿಸಿ ಜಗತ್ಪ್ರಸಿದ್ಧನಾದನು, ತನ್ನ ‘ಇನ್ಫರ್ನೊ’ ಚಿತ್ರದ ಕೆಲವು ದೃಶ್ಯತಂತ್ರಗಳಿಗೆ ಬಾವಾನ ನೆರವನ್ನೇ ಪಡೆದನು. ಆ ಚಿತ್ರ ತೆರೆಕಂಡ 1980ರಲ್ಲಿಯೇ ಬಾವಾ ತೀರಿಕೊಂಡನು.

ತನ್ನ ಕಸುಬಿನ ಬಗೆಗೆ ಅವನಿಗಿದ್ದ ನಿಲುವು ‘ಬ್ಲ್ಯಾಕ್ ಸಬ್ಬತ್’ನ ಇಟಾಲಿಯನ್ ಆವೃತ್ತಿಯ ಕೊನೆಯಲ್ಲಿ ನೇರವಾಗಿ ವ್ಯಕ್ತವಾಗಿದೆ. ರಕ್ತಪಿಶಾಚಿಯ ವೇಷದ ಬೋರಿಸ್ ಕಾರ್ಲಾಫ್ ಕುದುರೆಯೇರಿ ಕಾಡಿನಲ್ಲಿ ಧಾವಿಸುತ್ತ ಪ್ರೇಕ್ಷಕರನ್ನು ಎಚ್ಚರಿಸುತ್ತಿರುವಾಗ ಕ್ಯಾಮೆರಾ ಹಿಂದೆ ಸರಿಯುತ್ತದೆ. ಆಗ ಕುದುರೆ ಬರಿಯ ಬೊಂಬೆಯೆಂದೂ, ಓಡುತ್ತಿರುವಂತೆ ಕಂಡ ಕಾಡು, ಸ್ಟುಡಿಯೊದ ಕೆಲಸಗಾರರು ಕೊಂಬೆಗಳನ್ನು ಹಿಡಿದು ಅವನ ಸುತ್ತ ಓಡುತ್ತಿರುವುದರಿಂದ ಆದದ್ದೆಂದೂ, ಏನನ್ನೂ ಮುಚ್ಚಿಡದೆ, ಬಾವಾ ತೋರಿಸಿಬಿಡುತ್ತಾನೆ.