ಅಂಕಿಗಳಲ್ಲಿ ಅಡಗಿ ಚೀನಾ ಸೇರಿದ ಗಣಿತ

1382ರ ಶರತ್ಕಾಲದಲ್ಲಿ ಮಿಂಗ್ ಚಕ್ರವರ್ತಿ ಝು ಯುವಾನ್‌ಜಾಂಗ್ ರಾಜಧಾನಿ ನಾನ್‌ಜಿಂಗ್‌ನಿಂದ ಒಂದು ಅಪ್ಪಣೆ ಹೊರಡಿಸಿದ: ಪಶ್ಚಿಮದ ಮುಸ್ಲಿಂ ಖಗೋಳಜ್ಞರ ಗ್ರಂಥಗಳು ಚೀನೀ ಭಾಷೆಗೆ ಬರಬೇಕು. ಆತ ಕೊಟ್ಟ ಕಾರಣವನ್ನು ಮಿಂಗ್ ವಂಶದ ಅಧಿಕೃತ ಇತಿಹಾಸ ದಾಖಲಿಸಿದೆ. ಅವರ ಗಣನೆ ಬಲು ನಿಖರ. ಐದು ಗ್ರಹಗಳ ಶರವನ್ನು ಲೆಕ್ಕ ಹಾಕುವ ವಿಧಾನವಂತೂ ಚೀನಾದಲ್ಲಿ ಇಲ್ಲವೇ ಇಲ್ಲ.

ಕ್ರಾಂತಿವೃತ್ತದಿಂದ, ಅಂದರೆ ಸೂರ್ಯನ ಹಾದಿಯಿಂದ, ಗ್ರಹವೊಂದು ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಅಂಶ ಸರಿದಿದೆ ಎಂಬುದೇ ಶರ. ಅದು ಗೊತ್ತಿಲ್ಲದಿದ್ದರೆ ಗ್ರಹ ಯಾವ ನಕ್ಷತ್ರದ ಮಗ್ಗುಲಲ್ಲಿ ಹಾದುಹೋಗುತ್ತದೆಂದು ಮುಂಚಿತವಾಗಿ ಹೇಳಲಾಗದು. ಇಂಥ ಸಮಾಗಮಗಳನ್ನು ರಾಜ್ಯದ ಶಕುನವೆಂದೇ ಕಾಣುತ್ತಿದ್ದ ಆಸ್ಥಾನಕ್ಕೆ ಇದು ದೊಡ್ಡ ಕೊರತೆ.

ಗ್ರಂಥಗಳು ಆಗಲೇ ದೇಶದೊಳಗಿದ್ದವು. 1267ರಲ್ಲಿ ಖಗೋಳಜ್ಞ ಜಮಾಲುದ್ದೀನ್ ಮಂಗೋಲ್ ದೊರೆ ಕುಬ್ಲಾಯ್ ಖಾನನಿಗೆ ಖಗೋಳ ಉಪಕರಣಗಳನ್ನು ಒಪ್ಪಿಸಿದ್ದ; 1271ರಲ್ಲಿ ಇಸ್ಲಾಮಿ ಖಗೋಳ ಕಚೇರಿಯೇ ಶುರುವಾಗಿತ್ತು. 1368ರಲ್ಲಿ ಮಂಗೋಲರ ರಾಜಧಾನಿ ಮಿಂಗರ ವಶವಾದಾಗ ಅಲ್ಲಿನ ಪುಸ್ತಕಗಳೂ ಅವರ ಕೈಸೇರಿದವು. ಮಾ ಶಾಯಿಹೇ ಎಂಬ ಮುಸ್ಲಿಂ ಪಂಡಿತ, ವು ಬೊಜೊಂಗ್, ಲಿ ಚೊಂಗ್ ಎಂಬ ಆಸ್ಥಾನ ವಿದ್ವಾಂಸರು ಅನುವಾದಕ್ಕೆ ಕೂತರು. ಹೀಗೆ ರೂಪುಗೊಂಡದ್ದು 'ಹುಯಿಹುಯಿ ಲಿ', ಅಂದರೆ ಮುಸ್ಲಿಂ ಪಂಚಾಂಗ ಪದ್ಧತಿ.

ಅದರ ಶರಕೋಷ್ಟಕಗಳ ಬೇರು ಎರಡನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿದೆ. ಅಲ್ಲಿನ ಖಗೋಳಜ್ಞ ಟಾಲೆಮಿಯ ಪ್ರಕಾರ ಗ್ರಹ ಒಂದು ಚಿಕ್ಕ ಅಧಿವೃತ್ತದಲ್ಲಿ ಸುತ್ತುತ್ತದೆ. ಆ ಅಧಿವೃತ್ತದ ಕೇಂದ್ರ ಭೂಮಿಯ ಸುತ್ತಲಿನ ದೊಡ್ಡ ವೃತ್ತದ ಮೇಲೆ ಚಲಿಸುತ್ತದೆ. ಶನಿಯ ದೊಡ್ಡ ವೃತ್ತ ಕ್ರಾಂತಿವೃತ್ತದಿಂದ ಎರಡೂವರೆ ಅಂಶ ವಾಲಿದೆ. ಅಧಿವೃತ್ತ ಮಾತ್ರ ತಕ್ಕಡಿಯಂತೆ ತೂಗುತ್ತದೆ: ಪಾತಬಿಂದುಗಳಲ್ಲಿ, ಅಂದರೆ ದೊಡ್ಡ ವೃತ್ತ ಕ್ರಾಂತಿವೃತ್ತವನ್ನು ದಾಟುವೆಡೆ, ಸಮತಟ್ಟು; ನಡುವೆ ನಾಲ್ಕೂವರೆ ಅಂಶದವರೆಗೆ ಓರೆ. ಬುಧ, ಶುಕ್ರರಲ್ಲಿ ದೊಡ್ಡ ವೃತ್ತವೂ ತೂಗಾಡುತ್ತದೆ. ಈ ಓರೆಗಳ ಫಲ ಮಂಗಳನಲ್ಲಿ ಎದ್ದು ಕಾಣುತ್ತದೆ: ಟಾಲೆಮಿಯ ಕೋಷ್ಟಕದಲ್ಲಿ ಅದರ ಪರಮ ಶರ ಉತ್ತರಕ್ಕೆ 4 ಅಂಶ 21 ಕಲೆ (ಕಲೆ ಎಂದರೆ ಅಂಶದ ಅರವತ್ತನೇ ಒಂದು ಭಾಗ), ದಕ್ಷಿಣಕ್ಕೆ 7 ಅಂಶ 7 ಕಲೆ. ದಕ್ಷಿಣದಲ್ಲಿರುವಾಗ ಮಂಗಳ ಭೂಮಿಗೆ ಹೆಚ್ಚು ಹತ್ತಿರ ಬರುವುದರಿಂದ ಈ ವ್ಯತ್ಯಾಸ.

ನಾನ್‌ಜಿಂಗ್‌ನ ಗಣಕರಿಗೆ ಈ ರೇಖಾಗಣಿತದ ಅಗತ್ಯ ಬೀಳಲಿಲ್ಲ. ಅವರ ಕೈಗೆ ಬಂದದ್ದು ಅಂಕಿಗಳ ಚೌಕ. ಒಂದು ಬದಿಯಲ್ಲಿ ಅಧಿವೃತ್ತದ ಕೇಂದ್ರ ಎಲ್ಲಿದೆ ಎಂಬುದು, ಇನ್ನೊಂದು ಬದಿಯಲ್ಲಿ ಅಧಿವೃತ್ತದೊಳಗೆ ಗ್ರಹ ಎಲ್ಲಿದೆ ಎಂಬುದು. ಎರಡೂ ಕೂಡುವ ಮನೆಯಲ್ಲಿ ಶರ. ಮಧ್ಯದ ಅಂಶಗಳಿಗೆ ತ್ರೈರಾಶಿಕ ಸಾಕು. ಸಿದ್ಧಾಂತ ಅರಿಯದವರೂ ಸರಿಯಾದ ಉತ್ತರ ಪಡೆಯಬಹುದಿತ್ತು. ಈ ಪದ್ಧತಿ ಕೊರಿಯಾದ ರಾಜ ಸೆಜೊಂಗ್‌ನ ಆಸ್ಥಾನಕ್ಕೂ ತಲುಪಿತು. ನಾನ್‌ಜಿಂಗ್‌ನಲ್ಲಿ 1477ರಲ್ಲಿ ಬೇ ಲಿನ್ ಅದನ್ನು ಪರಿಷ್ಕರಿಸಿ ಪ್ರಕಟಿಸಿದ.

ನಮ್ಮ ಕಾಲದಲ್ಲಿ ಮಿಚಿಯೊ ಯಾನೊ, ಬೆನ್ನೊ ವಾನ್ ಡಾಲೆನ್ ಎಂಬ ಇತಿಹಾಸಕಾರರು ಹಿಮ್ಮುಖವಾಗಿ ನಡೆದು, ಅಂಕಿಗಳಿಂದಲೇ ಅವುಗಳ ಹಿಂದಿನ ಗಣಿತವನ್ನು ಹುಡುಕಿದರು. ಹಳೆಯ ಕೋಷ್ಟಕಗಳನ್ನು ಬರಿಯ ಲೆಕ್ಕದ ಹಾಳೆಗಳೆಂದು ಬದಿಗಿಡಬಾರದು. ವಿವರಣೆ ಕಳೆದುಹೋದರೂ ಅದನ್ನು ಮತ್ತೆ ಕಟ್ಟಿಕೊಡಬಲ್ಲ ಸಾಕ್ಷ್ಯ ಅವುಗಳಲ್ಲೇ ಇದೆ.